ಹೆಬ್ಬೆರಳಿಗೆ ಅಂಟಿದ ಕಪ್ಪು

ಅಂಗಡಿಯವನ ನಗು ನನಗೆ ಮೊದಲ ನೋಟಕ್ಕೇ ಹಿಡಿಸಲಿಲ್ಲ. ಶಿರಾ ಗೇಟ್ ಹತ್ತಿರ, ಮಹಡಿಯ ಮೇಲೆ ಅವನ ಅಂಗಡಿ. ಹೆಸರು ರೇಣುಕಾಪ್ರಸಾದ್. ನನ್ನ ಮಗಳು ಇಂಪನಾ ಪುಟ್ಟದೊಂದು ಡ್ರೋನ್ ಬೇಕು ಅಂದಳೋ ಇಲ್ಲವೋ, ಊಟದ ತಟ್ಟೆಯಷ್ಟು ಅಗಲದ್ದನ್ನು ತಂದು ನನ್ನ ಮುಂದೆ ಇಟ್ಟ.

"ಇದನ್ ತಗೊಳ್ಳಿ ಯಜಮಾನ್ರೇ. ಗೂಳೂರಲ್ಲಿ ಬಿಟ್ರೆ ದೇವರಾಯನದುರ್ಗ ನೋಡ್ಕೊಂಡು ಬರ್ತದೆ."

ಹಾರಿಸುವವಳು ಮಗಳು. ಮಾತೆಲ್ಲ ನನ್ನ ಜೊತೆ. ಥೂ, ಅನ್ನಿಸಿತು.

"ನಾನಿನ್ನೂ ಕಲಿಯೋಳು," ಅಂದಳು ಇಂಪನಾ. "ಅಂಗೈಯಷ್ಟಿದ್ರೆ ಸಾಕು. ರೆಕ್ಕೆ ಸುತ್ತ ಬಳೆ ಇರ್ಬೇಕು, ಗೋಡೆಗೆ ಗುದ್ದಿದ್ರೂ ಮುರೀಬಾರ್ದು. ಕನ್ನಡಕ, ರಿಮೋಟು ಎಲ್ಲಾ ಒಂದೇ ಡಬ್ಬೀಲಿರ್ಬೇಕು."

ಅವಳ ಕನ್ನಡಕ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ. ಕಟ್ಟಿಕೊಂಡರೆ ಡ್ರೋನಿನೊಳಗೇ ಕೂತ ಹಾಗೆ ಎಲ್ಲ ಕಾಣುತ್ತದಂತೆ. ಹಾಗೆ ಹಾರಿಸುವವರ ತಂಡವೊಂದನ್ನು ಅವಳ ಪಾಲಿಟೆಕ್ನಿಕ್‌ನಲ್ಲಿ ಕಟ್ಟುತ್ತಿದ್ದಾರೆ, ಆಯ್ಕೆಗೆ ಇನ್ನೊಂದು ತಿಂಗಳು. ವರ್ಷವೆಲ್ಲ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅವಳದು. ಕೆಟ್ಟ ಮಾಲು ತಂದರೆ ದುಡ್ಡೂ ಹೋಯಿತು, ತಂಡವೂ ಹೋಯಿತು. ಅದಕ್ಕೇ ನನ್ನನ್ನು ಜೊತೆಗೆ ಕರೆತಂದಿದ್ದಳು. ಮೂವತ್ತು ವರ್ಷ ದನದ ದಳ್ಳಾಳಿಯಾಗಿದ್ದವನು ನಾನು, ಪುಟ್ಟರಂಗಯ್ಯ. ನಮ್ಮಪ್ಪನ ಕಣ್ಣಿಗೆ ಮಣ್ಣೆರಚೋಕೆ ಯಾರ ಕೈಲೂ ಆಗಲ್ಲ ಅಂತ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ರೇಣುಕಾಪ್ರಸಾದ್ ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗಿ, ಅವಳು ಕೇಳಿದಂಥದ್ದನ್ನೇ ತಂದ.

"ಇದೊಂದೇ ಪೀಸ್ ಉಳ್ದಿರೋದು. ಬೆಳಗ್ಗೆಯಿಂದ ಇಬ್ರು ಕೇಳ್ಕೊಂಡ್ ಹೋದ್ರು."

ಈ ಮಾತನ್ನು ನಾನು ಎಷ್ಟು ಸಂತೆಗಳಲ್ಲಿ ಹೇಳಿಲ್ಲ!

"ಹಾರ್ಸಿ ತೋರ್ಸಪ್ಪ," ಅಂದೆ.

"ಸೀಲ್ ಒಡೆದ್ರೆ ಕಷ್ಟ, ಯಜಮಾನ್ರೇ."

"ನಡೆಸಿ ನೋಡ್ದೆ ಯಾವನಯ್ಯ ಎತ್ತು ಹಿಡೀತಾನೆ? ಒಡಿ."

ಗೊಣಗುತ್ತಲೇ ಒಡೆದ. ಡ್ರೋನು ಜೀರುಂಡೆಯ ಹಾಗೆ ಗುಯ್‌ಗುಟ್ಟುತ್ತಾ ಅಂಗಡಿ ಸುತ್ತಿ ಬಂದು ಮೇಜಿನ ಮೇಲೆ ಕೂತಿತು. ಇಂಪನಾಳ ಮುಖ ಅರಳಿತು. "ಚೆನ್ನಾಗೈತೆ ಅಲ್ವೇನಪ್ಪ?" ಅಂದಳು.

ನಾನು ಕೈಗೆತ್ತಿಕೊಂಡೆ. ನಾಲ್ಕು ಬಳೆಗಳಲ್ಲಿ ಒಂದು ಮಾತ್ರ ಒಂದು ಕಡೆ ಜಾಸ್ತಿ ಮಿರುಗುತ್ತಿತ್ತು. ಅಲ್ಲಿಗೆ ಹೆಬ್ಬೆರಳು ಒಯ್ದೆ. ರೇಣುಕಾಪ್ರಸಾದ್ ಗಬಕ್ಕನೆ ನನ್ನ ಕೈ ಹಿಡಿದುಕೊಂಡ.

"ನನ್ ಮಾತಲ್ಲಿ ನಂಬಿಕೆ ಇಲ್ವಾ? ಮನೆದೇವ್ರಾಣೆ, ಹೊಸ ಮಾಲು."

ಹಿಂದೊಮ್ಮೆ ಎತ್ತು ಕೊಳ್ಳಲು ಬಂದಿದ್ದ ಕುಣಿಗಲ್ ಕಡೆಯ ಕದರಯ್ಯನ ಕೈಯನ್ನು ನಾನು ಹಿಡಿದದ್ದೂ ಹೀಗೆಯೇ, ಇಟ್ಟ ಆಣೆಯೂ ಇದೇ. ಕೈ ಕೊಸರಿಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಕಪ್ಪು ಬಣ್ಣ ಬೆರಳಿಗೆ ಬಂತು. ಅದರಡಿಯಲ್ಲಿ ಬಿರುಕು, ಬಿರುಕಿನ ತುಂಬ ಗೋಂದು.

"ಯಾರೋ ಬೀಳ್ಸಿ ವಾಪಸ್ ಕೊಟ್ಟಿದ್ದಕ್ಕೆ ಬಣ್ಣ ಬಳ್ದು, ಏನೂ ಅರೀದ ಹುಡುಗಿಗೆ ಕಟ್ತೀಯಾ? ಥೂ, ನಾಚ್ಕೆ ಆಗಲ್ವಾ?"

ಒಂದೇ ಪೀಸ್ ಅಂದವನು ಒಳಗಿನಿಂದ ಮೂರು ಡಬ್ಬಿ ತಂದ. ಇಂಪನಾ ಒಂದೊಂದನ್ನೂ ಬಿಚ್ಚಿಸಿ, ಬಳೆ ಸವರಿ ನೋಡಿ, ತಾನೇ ಹಾರಿಸಿ, ಒಂದನ್ನು ಆರಿಸಿಕೊಂಡಳು. ಮೆಟ್ಟಿಲಿಳಿಯುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ.

"ಅಸಹ್ಯ ಕಣಪ್ಪ. ಇಂಥ ದುಡ್ಡಲ್ಲಿ ತಂದಿದ್ದು ಅವ್ನ ಮಕ್ಕಳಿಗೆ ಗಂಟಲಲ್ಲಿ ಹೆಂಗಿಳೀತದೋ!"

ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ಹೇಳಿದೆವು. ಎರಡು ಸಲ ಕೈ ತೊಳೆದರೂ ಬೆರಳಿನ ಗೆರೆಗಳಿಂದ ಕಪ್ಪು ಹೋಗಲಿಲ್ಲ. ಇಂಪನಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಡ್ಲಿ ಮುರಿಯುತ್ತಾ ಕೇಳಿದಳು.

"ನಿಂಗ್ ಹೆಂಗಪ್ಪ ಗೊತ್ತಾಯ್ತು? ನಂಗೇನೂ ಕಾಣ್ಲೇ ಇಲ್ಲ."

ಅನುಭವ ಕಣವ್ವ ಅಂದಿದ್ದರೆ ಮುಗಿಯುತ್ತಿತ್ತು. ಕದರಯ್ಯನಿಗೆ ಮಾರಿದ ಆ ಕರಿ ಎತ್ತಿನ ಹೆಗಲು ಕಣ್ಣ ಮುಂದೆ ಬಂತು. ನೊಗ ಉಜ್ಜಿ ಆಗಿದ್ದ ಹುಣ್ಣಿಗೆ ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಮೆತ್ತಿದ್ದೆ. ಮೂರನೇ ದಿನ ಉಳುವಾಗ ಹುಣ್ಣು ಒಡೆಯಿತು. ಅವನು ನಮ್ಮ ಅಂಗಳಕ್ಕೆ ಬಂದು ಉಗಿದು ಹೋದ. ಆ ದುಡ್ಡಿನಲ್ಲೇ ಇಂಪನಾಳ ನಾಮಕರಣದ ಊಟ ಹಾಕಿಸಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನಾನೂ ಬಳ್ದಿದ್ದೆ ಕಣವ್ವ," ಅಂದೆ. "ಎತ್ತಿನ ಹುಣ್ಣಿಗೆ ಕಾಡಿಗೆ. ಆಣೆ ಇಟ್ಟು ಮಾರಿದ್ದೆ. ನೀನು ಹುಟ್ಟಿದ್ ವರ್ಷ."

ತಮಾಷೆ ಅಂದುಕೊಂಡು ಅವಳು ನಕ್ಕಳು. ನಾನು ನಗಲಿಲ್ಲ. ಬಾಯಲ್ಲಿದ್ದ ತುತ್ತು ಅಗಿಯುವುದನ್ನು ಅವಳು ನಿಲ್ಲಿಸಿದಳು.