ಗೋಡೆಯ ಮೇಲಿನ ಸೆಲಿನಮ್ಮ

ನಾನು ಒಂದು ಪಟ. ದೇವರ ಪಟವಲ್ಲ, ಸತ್ತವರ ಪಟ. ಸಿನಿಮಾದಲ್ಲಿ ನಾಯಕನ ಮನೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು, ಮುಂದೊಂದು ದೀಪ ಹಚ್ಚಿಸಿಕೊಂಡು ಒಬ್ಬ ತಾಯಿ ನಗುತ್ತಿರುತ್ತಾಳಲ್ಲ, ಅದು ನಾನೇ. ಆದರೆ ನಾನು ಹುಟ್ಟಿದ ದಿನ ನನ್ನೊಳಗಿರುವ ಹೆಂಗಸು ಸತ್ತಿರಲಿಲ್ಲ. ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟುಡಿಯೋದ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಳು.

ಅವಳ ಹೆಸರು ಸೆಲಿನಾ. ನಾಯಕಿಯರಿಗೆ ಜಡೆ ಹೆಣೆಯುವುದು, ಚೌರಿ ಕಟ್ಟುವುದು, ಮುಡಿಗೆ ಹೂವು ಸಿಕ್ಕಿಸುವುದು ಅವಳ ಕೆಲಸ. ಬೆಂಗಳೂರಿನ ಲಿಂಗರಾಜಪುರದಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಳು. ಭಾನುವಾರ ಚರ್ಚು, ಉಳಿದ ದಿನ ಸ್ಟುಡಿಯೋ. ಆಗ ಅವಳಿಗೆ ಮೂವತ್ತೆರಡು ವರ್ಷ.

ಆಗ ತೆಗೆಯುತ್ತಿದ್ದ ಚಿತ್ರದಲ್ಲಿ ನಾಯಕನಿಗೆ ಇನ್‌ಸ್ಪೆಕ್ಟರ್ ಕೆಲಸ ಸಿಗುತ್ತದೆ. ಅವನು ಓಡಿಬಂದು, ತೀರಿಹೋದ ತಾಯಿಯ ಫೋಟೋ ಮುಂದೆ ಮಂಡಿಯೂರಿ ಅಳಬೇಕು. ಮರುದಿನ ಬೆಳಿಗ್ಗೆ ಶೂಟಿಂಗ್. ಮನೆ ರೆಡಿ, ಯೂನಿಫಾರಂ ರೆಡಿ, ಅಳುವುದಕ್ಕೆ ಗ್ಲಿಸರಿನ್ ಕೂಡ ರೆಡಿ. ತಾಯಿ ಮಾತ್ರ ಇಲ್ಲ! ಫೋಟೋ ತೆಗೆಸುವುದನ್ನು ಎಲ್ಲರೂ ಮರೆತಿದ್ದರು. ಡೈರೆಕ್ಟರು ಚಿತ್ರದಲ್ಲಿ ಅತ್ತೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿಯನ್ನು ಕೇಳಿದರು. ಆಕೆ ಹೌಹಾರಿದಳು.

"ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಿ, ನನ್ನ ಫೋಟೋಗೆ ಹಾರ ಹಾಕ್ತೀರಾ? ಬಿಡ್ತು ಅನ್ನಿ!"

ಅದನ್ನು ಕೇಳಿದ್ದೇ ತಡ, ಅಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಂದೊಂದು ನೆವ ತೆಗೆದು ಜಾಗ ಖಾಲಿ ಮಾಡಿದರು. ಉಳಿದವಳು ಸೆಲಿನಾ ಒಬ್ಬಳೇ.

"ನಂದು ತೆಗೀರಿ ಸಾರ್. ನಮ್ಮಲ್ಲಿ ಹಾರ ಹಾಕಿದ್ರೆ ಏನೂ ಆಗಲ್ಲ. ಆದ್ರೆ ಮುಂದಿನ ಪಿಕ್ಚರ್‌ನಲ್ಲಿ ನಂಗೊಂದು ಪಾರ್ಟ್ ಕೊಡ್ಬೇಕು. ನಡೆದಾಡೋ ಪಾರ್ಟ್."

"ಖಂಡಿತ ಕೊಡ್ತೀನಮ್ಮ," ಅಂದರು ಡೈರೆಕ್ಟರು. ಕುತ್ತಿಗೆಗೆ ಬಂದಿದ್ದ ಗಂಡಾಂತರ ತಪ್ಪಿದರೆ ಯಾರಾದರೂ ಹಾಗೇ ಅನ್ನುತ್ತಾರೆ.

ಮೇಕಪ್ಪಿನವನು ಅವಳ ಕಿವಿಯ ಪಕ್ಕದ ಕೂದಲಿಗೆ ಬಿಳಿ ಬಳಿದ. ಹಣೆಗೆ ಕಾಸಗಲ ಕುಂಕುಮ ಬಂತು, ಮೂಗಿಗೆ ಅಂಟಿಸಿದ ಮೂಗುಬೊಟ್ಟು ಬಂತು, ಕೊರಳಿನ ಪುಟ್ಟ ಶಿಲುಬೆ ಮೈಸೂರು ಸಿಲ್ಕಿನ ಸೆರಗಿನೊಳಗೆ ಅಡಗಿತು. ಸ್ಟಿಲ್ ಫೋಟೋಗ್ರಾಫರ್ ಸ್ವಲ್ಪ ನಗು ಅಂದ. ಅವಳು ಮುಂದಿನ ಪಿಕ್ಚರನ್ನು ನೆನೆದು ನಕ್ಕಳು. ಸತ್ತವರ ಪಟದಲ್ಲಿ ಅಷ್ಟು ಆಸೆಯ ನಗು ಇರಬಾರದಾಗಿತ್ತು, ಆದರೆ ಜನಕ್ಕೆ ಅದೇ ಹಿಡಿಸಿತು.

ಬೆಳಿಗ್ಗೆ ನನಗೆ ಮರದ ಚೌಕಟ್ಟು ಹಾಕಿಸಿ ತಂದವನು ಮಾದಣ್ಣ. ಪೂರ್ತಿ ಹೆಸರು ಪುಟ್ಟಮಾದಯ್ಯ, ಮಳವಳ್ಳಿ ಕಡೆಯವನು. ಸೆಟ್ಟಿಗೆ ಬೇಕಾದ ಕುರ್ಚಿ, ಕತ್ತಿ, ಟೆಲಿಫೋನು, ತಂಬಿಗೆಗಳನ್ನೆಲ್ಲ ಒದಗಿಸುವವನು. ಲೈಟಿನ ಬೆಳಕು ಹೊಳೆದು ಕ್ಯಾಮೆರಾದ ಕಣ್ಣು ಕುಕ್ಕುತ್ತದೆಂದು ಮೊದಲ ದಿನವೇ ನನ್ನ ಗಾಜು ತೆಗೆಸಿದರು. ಅಂದಿನಿಂದ ಸೇವಂತಿಗೆಯ ತೇವ, ಊದುಬತ್ತಿಯ ಹೊಗೆ, ಗೋದಾಮಿನ ಧೂಳು ಎಲ್ಲ ನೇರವಾಗಿ ನನ್ನ ಮುಖಕ್ಕೇ.

ಮಾದಣ್ಣನದು ಒಂದು ಕಟ್ಟುನಿಟ್ಟಿನ ನೇಮ ಇತ್ತು. ಶಾಟ್ ಓಕೆ ಆದ ತಕ್ಷಣ ನನ್ನ ಹಾರ ತೆಗೆದುಬಿಡಬೇಕು. ಬದುಕಿರುವವರ ಪಟಕ್ಕೆ ಒಂದು ಗಳಿಗೆ ಹೆಚ್ಚು ಹಾರ ಇರಬಾರದು. ಹಾರ ತೆಗೆದು, ಸೆಲಿನಾಳ ಕೈಗೆ ಚಿಟಿಕೆ ಸಕ್ಕರೆ ಹಾಕಿ, "ನೂರ್ ವರ್ಸ ಬಾಳಿ ಕಣವ್ವ" ಅನ್ನುತ್ತಿದ್ದ. ಅವಳು ಸಕ್ಕರೆ ಬಾಯಿಗೆ ಹಾಕಿಕೊಂಡು ನಾಯಕಿಯ ಜಡೆಗೆ ಓಡುತ್ತಿದ್ದಳು.

ಆ ಚಿತ್ರ ನೂರು ದಿನ ಓಡಿತು. ಸಿನಿಮಾದವರ ಸೆಂಟಿಮೆಂಟ್ ನಿಮಗೆ ಗೊತ್ತಲ್ಲ. ಕಥೆ ಚೆನ್ನಾಗಿತ್ತು ಅಂತ ಯಾರೂ ಅನ್ನಲಿಲ್ಲ. ಆ ಅಮ್ಮನ ಫೋಟೋ ಲಕ್ಕಿ ಅಂದರು. ಮುಂದಿನ ಚಿತ್ರದಲ್ಲೂ ನನ್ನನ್ನೇ ಕೇಳಿದರು, ಅದರ ಮುಂದಿನದರಲ್ಲೂ ಕೇಳಿದರು. ಜಮೀನ್ದಾರರ ಬಂಗಲೆಯಲ್ಲಿ ನೇತಾಡಿದೆ, ಕೂಲಿಯವನ ಗುಡಿಸಲಲ್ಲಿ ನೇತಾಡಿದೆ. ಒಂದು ಹೊಡೆದಾಟದಲ್ಲಿ ಖಳನಾಯಕನ ಚಾಕು ಗುರಿ ತಪ್ಪಿ ನನ್ನ ಕಿವಿಯ ಹತ್ತಿರ ನಾಟಿತು. ಮಾದಣ್ಣ ಗೋಂದು ಹಚ್ಚಿ ಕಾಗದ ಮೆತ್ತಿದ. ಇಪ್ಪತ್ತು ವರ್ಷದಲ್ಲಿ ನಲವತ್ತು ಮಕ್ಕಳು ನನ್ನ ಮುಂದೆ ಅತ್ತರು. ಕೆಲವರಂತೂ ನನ್ನ ಚೌಕಟ್ಟು ಹಿಡಿದು ಅಲ್ಲಾಡಿಸಿ ಅಳುತ್ತಿದ್ದರು. ಕಟ್ ಅಂದದ್ದೇ ಕಣ್ಣೊರೆಸಿಕೊಂಡು, ಇವತ್ತು ಊಟಕ್ಕೆ ಏನು ಅಂತ ಕೇಳುತ್ತಿದ್ದರು. ಆಮೇಲೆ ನನಗೆ ಗಾಂಧಿನಗರದ ಗಲ್ಲಿಯ ಗೋದಾಮು, ಪ್ಲಾಸ್ಟಿಕ್ ದೇವರುಗಳ ಪಕ್ಕದಲ್ಲಿ ಒಂದು ಮೂಲೆ. ನಲವತ್ತು ಮಕ್ಕಳ ತಾಯಿಯನ್ನು ಅಲ್ಲಿ ತಿರುಗಿ ನೋಡುವವರಿರಲಿಲ್ಲ.

ಸೆಲಿನಾ ಮಾತ್ರ ಪ್ರತಿ ಚಿತ್ರದಲ್ಲೂ ಡೈರೆಕ್ಟರನ್ನು ಕೇಳುತ್ತಿದ್ದಳು. "ಸಾರ್, ಒಂದೇ ಒಂದು ಶಾಟ್. ನೀರು ತಂದುಕೊಡೋ ಹೆಂಗಸಾದ್ರೂ ಪರವಾಗಿಲ್ಲ."

"ಅಯ್ಯೋ, ನೀನು ಗೋಡೆ ಮೇಲಿರೋ ಮುಖ ಕಣಮ್ಮ. ನಡ್ಕೊಂಡು ಬಂದ್ರೆ ಜನ ದೆವ್ವ ಅಂದ್ಕೊಂಡು ಎದ್ದು ಓಡ್ತಾರೆ!"

ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಗೋಡೆಯ ಮೇಲಿದ್ದ ನನಗೆ ಮಾತ್ರ ಅವಳ ಕೈಯಲ್ಲಿದ್ದ ಬಾಚಣಿಗೆ ಕಾಣುತ್ತಿತ್ತು. ಅದರ ಹಲ್ಲುಗಳನ್ನು ಅವಳು ಹೆಬ್ಬೆರಳಿನಿಂದ ಒತ್ತುತ್ತಲೇ ಇರುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಅವಳಿಗೆ ಸಿಗಬೇಕಾದದ್ದನ್ನು ನಾನು ತಿಂದು ಕೂತಿದ್ದೆ. ನಾನು ಎಷ್ಟು ಮನೆಗಳಲ್ಲಿ ನೇತಾಡಿದೆನೋ ಅಷ್ಟು ಬಾಗಿಲುಗಳು ಅವಳಿಗೆ ಮುಚ್ಚಿಹೋದವು.

ಕೊನೆಗೊಂದು ದಿನ ಪ್ರಹ್ಲಾದ ಎಂಬ ಹೊಸ ಡೈರೆಕ್ಟರ್ ಬಂದ. ಅದು ಅವನ ಮೊದಲ ಚಿತ್ರ. ಅವನು ಸೆಲಿನಾಳನ್ನು ನೋಡಿ, ನಮ್ಮ ಹೀರೋಗೆ ತಾಯಿ ಬದುಕಿದ್ದಾಳೆ ಮೇಡಂ, ನೀವೇ ಮಾಡಿ ಅಂದ. ಒಂದೇ ದೃಶ್ಯ, ಒಂದೇ ಮಾತು. ಮಗ ಮನೆಗೆ ಬರುತ್ತಾನೆ. ತಾಯಿ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದು, "ಕೈ ತೊಳ್ಕೊಂಡು ಬಾ, ಬಿಸಿ ಇದೆ" ಅನ್ನಬೇಕು.

ಆಗ ಅವಳಿಗೆ ಐವತ್ತು ದಾಟಿತ್ತು. ಬಿಳಿ ಬಳಿಯುವ ಅಗತ್ಯ ಇರಲಿಲ್ಲ. ಹದಿನೈದು ದಿನ ಅವಳು ಕೆಲಸ ಮುಗಿಸಿ ಗೋದಾಮಿಗೆ ಬಂದು, ನನ್ನೆದುರು ನಿಂತು ಆ ಮಾತನ್ನು ಅಭ್ಯಾಸ ಮಾಡಿದಳು. ಗದರಿಸುವ ಹಾಗೆ ಹೇಳಿದಳು, ಮುದ್ದು ಮಾಡುವ ಹಾಗೆ ಹೇಳಿದಳು. "ಬಾ" ಅನ್ನುವುದನ್ನು ಎಳೆಯಬೇಕೋ ಬೇಡವೋ ಎಂದು ಮಾದಣ್ಣನನ್ನು ಕೇಳಿದಳು.

"ಏನ್ ಎಳೀತೀರವ್ವ, ಅನ್ನ ಆರೋಯ್ತದೆ," ಅಂದ ಮಾದಣ್ಣ.

ನನಗೆ ಹೊಟ್ಟೆಕಿಚ್ಚಾಯಿತೆ? ಇಲ್ಲ ಅಂದರೆ ಸುಳ್ಳಾದೀತು. ಅವಳಿಗೆ ತುಟಿ ಅಲ್ಲಾಡಿಸಲು ಬರುತ್ತಿತ್ತು. ಆದರೂ ಮನಸ್ಸಾರೆ ಹೇಳುತ್ತೇನೆ, ಅವಳು ನಡೆಯಲಿ ಎಂದೇ ನಾನು ಬಯಸಿದೆ.

ಶೂಟಿಂಗಿನ ಬೆಳಿಗ್ಗೆ ನಿರ್ಮಾಪಕರು ಮಾದಣ್ಣನನ್ನು ಕರೆದು, "ಆ ಲಕ್ಕಿ ಫೋಟೋ ಸೆಟ್ಟಲ್ಲಿ ಇರಲೇಬೇಕು ಕಣಯ್ಯ. ಅದಿಲ್ದೆ ನನ್ನ ದುಡ್ಡಿನ ಕ್ಯಾಮೆರಾ ತಿರುಗೋದು ಬೇಡ" ಅಂದರು. ಮಾದಣ್ಣ ಹೂಂ ಅಂದ. ಅವನ ತಲೆಯಲ್ಲಿ ಆಗ ಊಟದ ತಟ್ಟೆ, ಲೋಟ, ಹಬೆಯಾಡುವ ಅನ್ನದ ಚಿಂತೆ. ಅಂದು ಸೆಲಿನಮ್ಮನ ಶಾಟ್, ಎಲ್ಲ ಸರಿಯಿರಬೇಕು. ಇಪ್ಪತ್ತು ವರ್ಷದ ರೂಢಿಯಂತೆ ಅವನ ಕೈಗಳು ಏಣಿ ಇಟ್ಟವು, ಊಟದ ಮನೆಯ ಗೋಡೆಗೆ ಮೊಳೆ ಹೊಡೆದವು, ನನ್ನನ್ನು ತೂಗುಹಾಕಿ ಹೊಸ ಸೇವಂತಿಗೆ ಹಾರ ಹಾಕಿದವು. ಅವನು ಏಣಿ ಇಳಿದು ಅನ್ನ ನೋಡಲು ಹೋದ.

ಏನಾಗಿದೆ ಎಂದು ನನಗೆ ಅರ್ಥವಾದಾಗ ಲೈಟು ಹತ್ತಿತ್ತು. ಬದುಕಿರುವ ತಾಯಿಯ ಬೆನ್ನ ಹಿಂದೆಯೇ ಅವಳ ಸತ್ತ ಪಟ! ಯಾರಾದರೂ ನೋಡಲಿ ಎಂದು ಕಾದೆ. ಡೈರೆಕ್ಟರ್ ನಾಯಕನ ಮುಖ ನೋಡುತ್ತಿದ್ದ. ಕ್ಯಾಮೆರಾದವರು ಬೆಳಕು ನೋಡುತ್ತಿದ್ದರು. ಅಸಿಸ್ಟೆಂಟ್ ನೇರವಾಗಿ ನನ್ನನ್ನೇ ನೋಡಿ, ಹಾರ ಓರೆಯಾಗಿದೆ ಎಂದು ಸರಿಮಾಡಿ ಹೋದ. ಪ್ರತಿ ಸೆಟ್ಟಿನಲ್ಲೂ ನಾನಿದ್ದೆ. ಇಟ್ಟಿಗೆ, ಸುಣ್ಣ ಇದ್ದ ಹಾಗೆ ನಾನೂ ಗೋಡೆಯೇ ಆಗಿಹೋಗಿದ್ದೆ. ಕಳಚಿ ಬಿದ್ದುಬಿಡೋಣ ಅಂದುಕೊಂಡೆ. ಆದರೆ ಅದು ಮಾದಣ್ಣ ಹೊಡೆದ ಮೊಳೆ, ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಸೆಲಿನಾ ನನ್ನ ಕೆಳಗಿನ ಬಾಗಿಲಿಂದ ತಟ್ಟೆ ಹಿಡಿದು ಬಂದಳು. ನನಗೆ ಕಂಡದ್ದು ಅವಳ ಬೆನ್ನು, ಅವಳೇ ಕಟ್ಟಿಕೊಂಡ ತುರುಬು. "ಕೈ ತೊಳ್ಕೊಂಡು ಬಾ, ಬಿಸಿ ಇದೆ." ಎಳೆಯಲಿಲ್ಲ, ಗದರಿಸಲಿಲ್ಲ, ಹದಿನೈದು ದಿನದಲ್ಲಿ ಒಮ್ಮೆಯೂ ಬಾರದ ಹಾಗೆ ಬಂತು ಆ ಮಾತು. ಲೈಟಿನ ಹುಡುಗರು ಕೂಡ ಚಪ್ಪಾಳೆ ತಟ್ಟಿದರು. ಒಂದೇ ಟೇಕಿಗೆ ಓಕೆ. ಮಾದಣ್ಣ ಕಣ್ಣೊರೆಸಿಕೊಂಡು ಬಂದು, ರೂಢಿಯಂತೆ ನನ್ನ ಹಾರ ತೆಗೆದ. ತೆಗೆಯುವಾಗಲೂ ಅವನಿಗೆ ಹೊಳೆಯಲಿಲ್ಲ.

ಡೈರೆಕ್ಟರಿಗೆ ಹೊಳೆದದ್ದು ಮೂರು ವಾರದ ನಂತರ, ಎಡಿಟಿಂಗ್ ಕೋಣೆಯಲ್ಲಿ. ಅಷ್ಟರಲ್ಲಿ ಆ ಮನೆಯ ಸೆಟ್ ಒಡೆದು ಬೇರೊಂದು ಚಿತ್ರದ ಜೈಲು ಕಟ್ಟಿದ್ದರು. ನಾಯಕ ಗಡ್ಡ ಬಿಟ್ಟು ಇನ್ನೊಬ್ಬರ ಚಿತ್ರಕ್ಕೆ ಹೋಗಿದ್ದ. ಮತ್ತೆ ತೆಗೆಯುವ ಮಾತೇ ಇರಲಿಲ್ಲ. ದೃಶ್ಯ ಕಿತ್ತುಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳಿಗೆ ತಿಳಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಮಾದಣ್ಣನೇ ಅವಳನ್ನು ಗೋದಾಮಿಗೆ ಕರೆಸಿದ. ತಗಡಿನ ಸಿಂಹಾಸನದ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. "ಈ ಕೈ ಮುರಿದೋಗ. ನಾನೇ ನೇತಾಕಿದ್ದು ಕಣವ್ವ."

ಅವಳು ನನ್ನ ಕಡೆ ನೋಡಿದಳು.

"ಇಬ್ರೂ ಒಂದೇ ಶಾಟಲ್ಲಿ ಇದ್ವಾ ಮಾದಣ್ಣ? ಯಾರು ಚೆನ್ನಾಗಿ ಕಂಡಿದ್ದು? ಅವಳಾ, ನಾನಾ?"

"ನೀವೇ ಕಣವ್ವ. ಅನ್ನದ ಹೊಗೆ ಒಳಗೆ ನಿಮ್ಮ ಮೊಕ..."

"ಸಾಕು ಬಿಡಿ," ಅಂದಳು. ಆಮೇಲೆ ಅವಳು ಯಾವ ಡೈರೆಕ್ಟರನ್ನೂ ಪಾರ್ಟ್ ಕೇಳಲಿಲ್ಲ.

ವರ್ಷಗಳು ಕಳೆದವು. ಕಂಪ್ಯೂಟರಿನಲ್ಲಿ ಅರ್ಧ ಗಂಟೆಗೆ ಹೊಸ ತಾಯಿಯನ್ನು ಮಾಡಿಕೊಡುವವರು ಬಂದರು. ಗೋದಾಮು ಮುಚ್ಚಿತು. ಸಿಂಹಾಸನ, ಕತ್ತಿ, ಟೆಲಿಫೋನುಗಳು ಗುಜರಿಗೆ ಹೋದವು. ನನ್ನನ್ನು ಮಾದಣ್ಣ ಶ್ರೀರಾಂಪುರದ ತನ್ನ ಕೋಣೆಗೆ ಒಯ್ದು ಕಬ್ಬಿಣದ ಬೀರುವಿನ ಮೇಲಿಟ್ಟ. ಅವನ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅವನೂ ನಾನೂ ಇಡೀ ದಿನ ಒಬ್ಬರನ್ನೊಬ್ಬರು ನೋಡುತ್ತ ಕೂರುತ್ತಿದ್ದೆವು.

ಒಂದು ಮಂಗಳವಾರ ಅವನಿಗೆ ಫೋನ್ ಬಂತು. ಸೆಲಿನಮ್ಮ ಬೆಳಿಗ್ಗೆ ತೀರಿಕೊಂಡಳು. ಮರುದಿನ ಅವನು ಒಗೆದ ಪಂಚೆ ಉಟ್ಟು, ಒದ್ದೆ ಬಟ್ಟೆಯಿಂದ ನನ್ನ ಚೌಕಟ್ಟು ಒರೆಸಿ, ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಲಿಂಗರಾಜಪುರಕ್ಕೆ ಹೊರಟ. ಅವಳ ತಲೆಯ ಹತ್ತಿರ ಇಡಲು ಒಂದು ಒಳ್ಳೆಯ ಫೋಟೋ ಬೇಡವೆ? ನನ್ನಷ್ಟು ಒಳ್ಳೆಯದು ಯಾರ ಹತ್ತಿರವಿದೆ?

ಆ ಸಣ್ಣ ಕೋಣೆಯಲ್ಲಿ ಅವಳು ಪೆಟ್ಟಿಗೆಯೊಳಗೆ ಮಲಗಿದ್ದಳು. ಬಿಳಿ ಗೌನು, ಕೈಯಲ್ಲಿ ಜಪಮಾಲೆ, ಹಣೆ ಖಾಲಿ. ಅವಳ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ತಂಗಿಯ ಮಗಳು ಡಾಫ್ನಿ ಹೊಸೂರಿನಿಂದ ಬಂದಿದ್ದಳು. ಮಾದಣ್ಣ ಟವೆಲ್ ಬಿಚ್ಚಿ ನನ್ನನ್ನು ಅವಳ ಮುಂದೆ ಹಿಡಿದ. ಅವಳು ನನ್ನ ಕುಂಕುಮ ನೋಡಿದಳು, ಮೂಗುಬೊಟ್ಟು ನೋಡಿದಳು.

"ಯಾರಿದು ಅಂಕಲ್?"

"ನಿಮ್ಮ ದೊಡ್ಡಮ್ಮನೇ ಕಣವ್ವ. ಸಿನಿಮಾಕ್ಕೆ ತೆಗೆದಿದ್ದು."

"ಇಲ್ಲ ಅಂಕಲ್," ಅಂದಳು ಮೆಲ್ಲಗೆ. ಪಾಪ, ಅವಳ ಮಾತಿನಲ್ಲಿ ಕೆಡುಕಿರಲಿಲ್ಲ. "ಇದು ನಮ್ಮ ಆಂಟಿ ಅಲ್ಲ. ನಮ್ಮ ಹತ್ರ ಆಂಟಿದು ಬೇರೆ ಫೋಟೋ ಇದೆ." ಮೇಜಿನ ಮೇಲೆ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಮಸುಕು ಮುಖವೊಂದು ನಿಂತಿತ್ತು.

ಮಾದಣ್ಣ ನನ್ನನ್ನು ಮತ್ತೆ ಟವೆಲಿನಲ್ಲಿ ಸುತ್ತಿದ. ನಲವತ್ತು ಸಾವಿಗೆ ಬೇಕಾಗಿದ್ದ ನಾನು ಅವಳ ಒಂದು ಸಾವಿಗೆ ಬೇಡವಾದೆ. ಅವನು ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತು, ಆಮೇಲೆ ಬೀದಿಗೆ ಬಂದು ಆಟೋ ಹಿಡಿದ.

ದಾರಿಯಲ್ಲಿ ಟವೆಲ್ ಜಾರಿತು. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಹಿಂದೆ ತಿರುಗಿದ. ವಯಸ್ಸಾದ ಮನುಷ್ಯ, ಸಿನಿಮಾ ನೋಡಿ ಬೆಳೆದವನು.

"ಸಾರ್, ಈ ಅಮ್ಮ ಗೊತ್ತು ಸಾರ್ ನಂಗೆ! ಎಷ್ಟ್ ಪಿಕ್ಚರಲ್ಲಿ ನೋಡಿದ್ದೀನಿ. ಇವ್ರು ಸತ್ತು ಬಹಳ ವರ್ಷ ಆಯ್ತಲ್ವಾ?"

"ಇಲ್ಲ ಕಣಪ್ಪ," ಅಂದ ಮಾದಣ್ಣ. ಅವನ ಕೈ ನನ್ನ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. "ಮೊನ್ನೆ ಗಂಟ ಇದ್ರು. ಇಲ್ಲೇ, ಲಿಂಗರಾಜಪುರದಲ್ಲಿ. ಓಡಾಡ್ಕೊಂಡು, ಅಡುಗೆ ಮಾಡ್ಕೊಂಡು ಇದ್ರು."

ಈಗ ನಾನು ಮತ್ತೆ ಬೀರುವಿನ ಮೇಲಿದ್ದೇನೆ. ಬಣ್ಣ ಮಾಸಿದೆ, ಕಿವಿಯ ಹತ್ತಿರ ಮೆತ್ತಿದ ಕಾಗದ ಏಳುತ್ತಿದೆ. ಹಗಲು ಉದ್ದವಾಗಿರುತ್ತದೆ, ಮಾದಣ್ಣ ಹೆಚ್ಚು ಹೊತ್ತು ಮಲಗಿಯೇ ಇರುತ್ತಾನೆ. ಅವಳ ಬಗ್ಗೆ ನಾನು ಕೇಳಿದ ಮಾತುಗಳನ್ನೆಲ್ಲ ನೆನೆಯುತ್ತೇನೆ. ಅಮ್ಮಾ ನೀನಿಲ್ಲವಲ್ಲ, ಅಮ್ಮಾ ನಮ್ಮನ್ನು ಬಿಟ್ಟು ಹೋದೆಯಲ್ಲ ಎಂದು ನಲವತ್ತು ಜನ ಕೂಗಿ ಹೇಳಿದ್ದಾರೆ. ಅವಳು ಇದ್ದಳು ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ಆ ಆಟೋದಲ್ಲಿ ಮಾತ್ರ ಕೇಳಿದೆ.