ಅಪ್ಪನ ಶ್ರುತಿ

ಗಿಟಾರಿಗೆ ಶ್ರುತಿ ಮಾಡುವಾಗ ಅಪ್ಪ ಯಾರಿಗೂ ಕಾಣದಂತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಮಿಸಿಸಿಪ್ಪಿಯ ಬ್ಲೂಸ್ ವಾದಕರು ಅವನ ಹಾಡುಗಳನ್ನೆಲ್ಲ ಕಲಿತರು. ಅವನದೇ ಆದ ಆ ಶ್ರುತಿ ಮಾತ್ರ ಯಾರಿಗೂ ದಕ್ಕಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅದು ಉಳಿದಿದ್ದುದು ಅವನ ಗಿಟಾರಿನ ತಂತಿಗಳಲ್ಲಷ್ಟೇ. ಒಂದೊಂದೇ ತಂತಿ ಮೀಟಿ ಗುರುತು ಮಾಡಿಕೊಳ್ಳೋಣವೆಂದು ನಾನು ಮೀನು ಹುರಿದ ಕೈ ತೊಳೆದು ಬರುವಷ್ಟರಲ್ಲಿ, ಷಿಕಾಗೋದಿಂದ ಬಂದಿದ್ದ ಅಣ್ಣ ಓಡೆಲ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಬಿರಡೆ ತಿರುಗಿಸುತ್ತಿದ್ದ.

"ಏನೇ ವರ್ಲೀನ್, ಮುದುಕ ತಂತೀನೆಲ್ಲ ಸಡಿಲ ಬಿಟ್ಟು ಹೋಗಿದಾನಲ್ಲೇ! ಎಲ್ಲಾ ಸರಿ ಮಾಡ್ದೆ, ನೋಡು."

ನಾನು ಮೀಟಿ ನೋಡಿದೆ. ಅಂಗಡಿಯಲ್ಲಿ ತೂಗುಹಾಕಿದ ಯಾವ ಗಿಟಾರಾದರೂ ಹೀಗೆಯೇ ನುಡಿಯುತ್ತದೆ.

"ಚೆನ್ನಾಗಿದೆ ತಾನೆ?"

"ಹೂಂ. ಬಾ ಅಣ್ಣ, ಮೀನು ಆರೋಗತ್ತೆ."