ಅಪ್ಪನ ಎತ್ತರ

“ನೆಟ್ಟಗೆ ನಿಂತ್ಕೊಳೋ ಗೂನ! ನಾನು ಅಳೀಬೇಕಾಗಿರೋದು ನಿನ್ನ ಎತ್ತರಾನೋ, ನಿನ್ನ ಡುಬ್ಬಾನೋ?”

ಕ್ಲಬ್ಬಿನ ಡಾಕ್ಟರು ಹೀಗೆಂದದ್ದೇ ತಡ, ಬಾಗಿಲ ಬಳಿಯಿದ್ದ ಇಬ್ಬರು ಸಹಾಯಕರು ಕಿಸಕ್ಕನೆ ನಕ್ಕರು. ಹಮಾಲಿ ತಾನೂ ನಕ್ಕ. ನಗದೆ ಇನ್ನೇನು ಮಾಡಿಯಾನು? ಮೂವತ್ತು ವರ್ಷ ಧಣಿಯ ಗೋದಾಮಿನಲ್ಲಿ ಮೂಟೆ ಹೊತ್ತವನು. ಗೋದಾಮು ಯಾವ ಧಣಿಯದೋ ಈ ಬಾಸ್ಕೆಟ್‌ಬಾಲ್ ಕ್ಲಬ್ಬೂ ಅದೇ ಧಣಿಯದು. ಗೋಡೆಯ ಮೇಲೆ ನೆಲದಿಂದ ಸೂರಿನವರೆಗೆ ಅಡಿ, ಇಂಚುಗಳ ಗೆರೆ ಎಳೆದಿದ್ದರು. ಹಮಾಲಿ ಹಿಮ್ಮಡಿ ತಾಗಿಸಿದರೆ ತಲೆ ಗೋಡೆಯಿಂದ ಮುಂದಕ್ಕೆ ಬರುತ್ತಿತ್ತು. ತಲೆ ತಾಗಿಸಲು ಹೋದರೆ ಮೊಣಕಾಲು ಮಡಚುತ್ತಿತ್ತು. ಎರಡೂ ಒಟ್ಟಿಗೆ ಆಗಲೊಲ್ಲದು.

“ನಿಂತೇ ಇದೀನಿ ಸಾರ್. ಇಷ್ಟೇ ಉಳಿದಿರೋದು.”

ಕಿಟಕಿಯ ಹತ್ತಿರ ಅವನ ಮಗ ನಿಂತಿದ್ದ. ತಂಡದಲ್ಲಿ ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಅವನ ಅಮ್ಮ. ಅವಳ ಅಳತೆ ಆಗಲೇ ಮುಗಿದಿತ್ತು, ಐದಡಿ ಎರಡಿಂಚು.

ಏಣಿಗೆ ಇನ್ನೂ ಹತ್ತೊಂಬತ್ತು ತುಂಬಿಲ್ಲ. ಹದಿನಾಲ್ಕಕ್ಕೇ ಆರಡಿ ದಾಟಿದವನನ್ನು ಕ್ಲಬ್ಬಿನವರು ಗೋದಾಮಿನ ಹಿಂದಿನ ಬಯಲಲ್ಲಿ ಕಂಡು ಕರೆದುಕೊಂಡು ಹೋಗಿದ್ದರು. ಎರಡು ವರ್ಷದಿಂದ ಸಂಬಳದ ಆಟಗಾರ, ಆದರೆ ಎರಡನೇ ತಂಡದಲ್ಲಿ. ಬೆಳಿಗ್ಗೆ ಓಟ, ಮಧ್ಯಾಹ್ನ ಭಾರ ಎತ್ತುವುದು, ಸಂಜೆ ಆಟ. ಎಡ ಮೊಣಕಾಲು ಊದಿಕೊಂಡರೆ ಒಂದು ಸೂಜಿ, ಮತ್ತೆ ಆಟ. ಈಗ ದೊಡ್ಡ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಬಿದ್ದಿತ್ತು, ಬುಟ್ಟಿಯ ಕೆಳಗೆ ನಿಂತು ಚೆಂಡು ಕಿತ್ತುಕೊಳ್ಳುವವನ ಜಾಗ. ಅದಕ್ಕೆ ಆರಡಿ ಎಂಟಿಂಚಿನ ಆಳು ಬೇಕು. ಏಣಿ ಆರಡಿ ಆರು. ಜಾಗ ಸಿಕ್ಕರೆ ಮೂರು ವರ್ಷದ ಕರಾರು, ಸಿಗದಿದ್ದರೆ ಈ ತಿಂಗಳೇ ಮನೆಗೆ. ಒಂದು ಕ್ಲಬ್ಬು ಬಿಟ್ಟ ಹುಡುಗನನ್ನು ಇನ್ನೊಂದು ಕ್ಲಬ್ಬು ಮೂಸಿಯೂ ನೋಡುವುದಿಲ್ಲ. ಮನೆಗೆ ಅಂದರೆ ಮತ್ತೆಲ್ಲಿಗೆ, ಗೋದಾಮಿಗೇ.

ಎಲುಬು ಬೆಳೆಯುವುದು ನಿಂತಿದೆಯೋ ಇಲ್ಲವೋ ತಿಳಿಯಲು ಡಾಕ್ಟರು ಅವನ ಮಣಿಕಟ್ಟಿನ ಎಕ್ಸ್‌ರೇ ನೋಡಿ, “ಇನ್ನೂ ಬೆಳೆದ್ರೂ ಬೆಳೀಬಹುದು. ನಿನ್ನ ಅಪ್ಪ ಅಮ್ಮನ್ನ ಕರ್ಕೊಂಡು ಬಾ, ಅವರ ಎತ್ತರ ನೋಡಿ ಹೇಳ್ತೀನಿ” ಎಂದಿದ್ದರು.

ಆ ಮಾತು ಮನೆ ಮುಟ್ಟಿದ ದಿನ ಹಮಾಲಿ ಉಣ್ಣದೆ ತಟ್ಟೆ ಪಕ್ಕಕ್ಕೆ ಸರಿಸಿದ.

“ಅದಕ್ಯಾಕೆ ಹಂಗೆ ಮುಖ ಇಳಿಬಿಟ್ಕೊಂಡಿದೀಯ?” ಎಂದಳು ಹೆಂಡತಿ. “ಇನ್ನೂ ಎಂಟು ದಿನ ಇದೆ. ನೆಟ್ಟಗೆ ಮಾಡಿದ್ರಾಯ್ತು.”

“ನಾನೇನು ಸೊಟ್ಟಗಾದ ತಗಡೇನೇ?”

“ತಗಡಾಗಿದ್ರೆ ಒಂದೇ ಏಟು ಸಾಕಿತ್ತು. ಮನುಷ್ಯ ನೋಡು, ಅದಕ್ಕೇ ಎಂಟು ದಿನ.”

ಹಟಮಾರಿ ಹೆಂಗಸು. ಮುರಿದ ಮಂಚದ ಹಲಗೆಯೊಂದನ್ನು ಎಳೆದು ತಂದು, ಕೆಲಸ ಮುಗಿಸಿ ಬಂದವನ ಬೆನ್ನಿಗೆ ಮೂಟೆ ಕಟ್ಟುವ ಹಗ್ಗದಿಂದ ಬಿಗಿದಳು. ಎಣ್ಣೆ ತಿಕ್ಕಿದಳು. ಬಾಗಿಲ ಮೇಲಿನ ತೊಲೆ ಹಿಡಿದು ಜೋತು ಬೀಳು ಎಂದಳು, ಬಿದ್ದ. “ಏನಪ್ಪಾ, ಗೂನ ಪೊಲೀಸಿಗೆ ಸೇರ್ತಾನಂತೆ!” ಎಂದು ನೆರೆಯವರು ನಕ್ಕರು. ಮನೆಯಲ್ಲಿ ನೆಟ್ಟಗಾದದ್ದನ್ನು ಮರುದಿನದ ಮೂಟೆ ಮತ್ತೆ ಬಗ್ಗಿಸುತ್ತಿತ್ತು. ಐದನೆಯ ದಿನ ಬೆನ್ನೊಳಗೆ ಏನೋ ಲಟಕ್ಕೆಂದು, ಬಲಗಾಲಿನವರೆಗೂ ಉರಿ ಹರಿಯಿತು. ಅವನು ಯಾರಿಗೂ ಬಾಯಿ ಬಿಡಲಿಲ್ಲ. ಎಂಟನೆಯ ದಿನ ಅವಳು ದಾರ ಹಿಡಿದು ಅಳೆದು, “ಎರಡು ಬೆರಳು ಬಂತು ಕಣೋ, ಎರಡು ಬೆರಳು!” ಎಂದು ಅತ್ತೇಬಿಟ್ಟಳು.

ಆ ಎರಡು ಬೆರಳು ಈ ಗೋಡೆಯ ಮುಂದೆ ಎಲ್ಲಿ ಅಡಗಿ ಕೂತವೋ ದೇವರೇ ಬಲ್ಲ.

“ಇದು ಆಗೋ ಕೆಲಸ ಅಲ್ಲ. ಕೆಡವಿ ಅವನ್ನ” ಎಂದರು ಡಾಕ್ಟರು.

ನೆಲದ ಮೇಲೆ ಅಂಗಾತ ಮಲಗಿಸಿದರು. ಒಬ್ಬ ಮೊಣಕಾಲು ಅದುಮಿದ, ಇನ್ನೊಬ್ಬ ಹೆಗಲ ಮೇಲೆ ತನ್ನ ಭಾರವನ್ನೆಲ್ಲ ಹಾಕಿದ. ಡುಬ್ಬ ನೆಲಕ್ಕೆ ಒತ್ತಿ ಹಮಾಲಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಹಲ್ಲು ಕಚ್ಚಿ ಅವನೇ ಹೇಳಿದ, “ಒತ್ತಿ ಸಾರ್, ಇನ್ನೊಂಚೂರು ಒತ್ತಿ. ಇನ್ನೂ ಬರ್ತದೆ.”

“ಬಿಡ್ರೋ ಅವನ್ನ! ನಿಮ್ಮ ಕೈ ಸೇದಿಹೋಗ!” ಹೆಂಡತಿ ಕಿರುಚಿದಳು. “ಹೆಣಕ್ಕೆ ಅಳತೆ ತಗೊಳ್ತಿದೀರೇನ್ರೋ ಬೇವರ್ಸಿಗಳಾ?”

“ಸಾಕು ಸಾರ್” ಎಂದು ಏಣಿ ಮುಂದೆ ಬಂದ.

“ನೀನು ಸುಮ್ನಿರೋ!” ಎಂದ ಹಮಾಲಿ, ಬಿದ್ದಲ್ಲಿಂದಲೇ.

ಡಾಕ್ಟರು ಟೇಪು ಎಳೆದು ನೋಡಿದರು. “ಐದಡಿ ಐದು. ಅಷ್ಟೇ. ನಿನ್ನ ಮಗ ಇನ್ನು ಬೆಳೆಯಲ್ಲ ಹೋಗು.”

“ನಾನು ಮುಂಚೆ ಉದ್ದ ಇದ್ದೆ ಸಾರ್.”

“ಮುಂಚೆ ನಾನೂ ಸಣ್ಣಗಿದ್ದೆ. ಟೇಪು ಹೇಳಿದ್ದನ್ನ ತಾನೇ ಬರೆಯೋದು?”

ಅಷ್ಟರಲ್ಲಿ ಧಣಿ ಒಳಗೆ ಬಂದ. ನೆಲದಿಂದ ಏಳಲು ಒದ್ದಾಡುತ್ತಿದ್ದವನನ್ನು ಕಂಡು ಹುಬ್ಬೇರಿಸಿದ. “ಅರೆ, ನಮ್ಮ ಗೂನ! ಇವನ ಮಗಾನಾ ನೀನು?” ಡಾಕ್ಟರ ಕೈಲಿದ್ದ ಹಾಳೆ ನೋಡಿ ಗಹಗಹಿಸಿ ನಕ್ಕ. “ಐದಡಿ ಐದಾ? ಯಾರ್ರೀ ಹೇಳಿದ್ದು? ಇವನು ಸೇರಿದಾಗ ಒಳ್ಳೇ ಲೈಟ್ ಕಂಬ ಇದ್ದಂಗಿದ್ದ. ಗೋದಾಮಿನ ಬಾಗಿಲು ತಲೆಗೆ ಬಡೀತಿತ್ತು. ಉದ್ದ ಬೆನ್ನು, ಎರಡೆರಡು ಮೂಟೆ ಹಿಡೀತದೆ ಅಂತ ನಾನೇ ಆರಿಸಿದ್ದೆ.” ಗೋಡೆಯ ಹತ್ತಿರ ಹೋಗಿ ಬೆರಳಿಟ್ಟ. “ಇಲ್ಲಿಗೆ. ಪೂರಾ ಆರಡಿ. ಬರ್ಕೊಳಿ.”

ಡಾಕ್ಟರು ಐದಡಿ ಐದನ್ನು ಹೊಡೆದುಹಾಕಿ ಆರಡಿ ಎಂದು ಬರೆದರು. ತಲೆ ಅಲ್ಲಾಡಿಸಿ ಲೆಕ್ಕ ಹಾಕಿ, “ಹಂಗಿದ್ರೆ ಬೆಳೀತಾನೆ” ಎಂದರು.

ಹಮಾಲಿಗೆ ಅಳು ಬಂತು. ಎದ್ದು ನಿಂತು ಎರಡೂ ಕೈ ಜೋಡಿಸಿದ. ಧಣಿಗೆ ನೆನಪಿದೆಯಲ್ಲ, ಅಷ್ಟು ಜನರಲ್ಲಿ ತನ್ನ ಎತ್ತರ ನೆನಪಿದೆಯಲ್ಲ! ಕರಾರು ಮೇಜಿಗೆ ಬಂತು, ಪೆನ್ನೂ ಬಂತು.

“ಹಾಕೋ ಸೈನು” ಎಂದ ಧಣಿ ಏಣಿಯ ಬೆನ್ನು ತಟ್ಟುತ್ತ. “ನಿಮ್ಮಪ್ಪನ ಬೆನ್ನು ಮೂವತ್ತು ವರ್ಷ ಬಾಳಿಕೆ ಬಂತು. ನಿನ್ನ ಮೊಣಕಾಲು ಮೂರು ವರ್ಷನಾದ್ರೂ ಬರ್ಬೇಕು ನೋಡು.”

ಏಣಿ ಪೆನ್ನು ತಗೊಂಡ. ಮೇಜಿನ ಕಡೆ ಹೋಗದೆ ಗೋಡೆಯ ಕಡೆ ಹೋದ.

“ಅಪ್ಪ, ಬಾ ಇಲ್ಲಿ.”

“ಮೊದ್ಲು ಸೈನ್ ಹಾಕೋ.”

“ಬಾ ಅಂದೆ. ನೆಟ್ಟಗೆ ನಿಲ್ಬೇಡ. ಹೆಂಗಿದೀಯೋ ಹಂಗೇ ನಿಲ್ಲು.”

ಎಂಟು ದಿನದ ಮೇಲೆ ಹಮಾಲಿ ಬೆನ್ನನ್ನು ಅದರ ಪಾಡಿಗೆ ಬಿಟ್ಟ. ನೋವು ಸ್ವಲ್ಪ ಇಳಿಯಿತು. ಏಣಿ ಅಪ್ಪನ ನೆತ್ತಿಯ ಮಟ್ಟಕ್ಕೆ ಒಂದು ಗೆರೆ ಎಳೆದು “ಇವತ್ತು” ಎಂದು ಬರೆದ. ಧಣಿ ಬೆರಳಿಟ್ಟಿದ್ದ ಕಡೆ ಇನ್ನೊಂದು ಗೆರೆ ಎಳೆದು “ಗೋದಾಮಿಗೆ ಸೇರಿದ ದಿನ” ಎಂದು ಬರೆದ.

“ಏಯ್, ಗೋಡೆ ಯಾಕೋ ಹಾಳು ಮಾಡ್ತೀಯ?” ಎಂದ ಧಣಿ.

“ಮೇಲಿಂದು ನೀವೇ ತೋರ್ಸಿದ್ದು ಧಣಿ. ಕೆಳಗಿಂದು ಇಲ್ಲೇ ಇದೆ. ನಡುವಿಂದು ಎಲ್ಲಿ ಹೋಯ್ತು?”

“ವಯಸ್ಸಾದ್ಮೇಲೆ ಎಲ್ಲರೂ ಬಗ್ತಾರೆ ಕಣೋ.”

“ನಿಮಗೂ ಇವನಷ್ಟೇ ವಯಸ್ಸಲ್ವಾ?” ಎಂದಳು ಹೆಂಡತಿ. “ಬನ್ನಿ, ನೀವೂ ನಿಲ್ಲಿ ಗೋಡೆಗೆ.”

ಡಾಕ್ಟರು ಕೆಮ್ಮಿದರು. ಧಣಿಯ ಮುಖ ಕೆಂಪಾಯಿತು. “ಒರ್ಸ್ರೋ ಅದನ್ನ!” ಸಹಾಯಕನೊಬ್ಬ ಒದ್ದೆ ಬಟ್ಟೆ ಹಿಡಿದು ಬಂದ. ಏಣಿ ಅಂಗೈ ಅಗಲಿಸಿ ಎರಡು ಗೆರೆಗಳ ನಡುವೆ ಗೋಡೆಗೆ ಒತ್ತಿ ನಿಂತ. ಕೆಳಗಿನ ಗೆರೆಗೆ ಹೆಬ್ಬೆರಳು, ಮೇಲಿನದಕ್ಕೆ ಕಿರುಬೆರಳು, ಸರಿಯಾಗಿ ಒಂದು ಗೇಣು. ಆರಡಿ ಆರಿಂಚಿನ ಆಳನ್ನು ಸರಿಸುವ ಧೈರ್ಯ ಸಹಾಯಕನಿಗೆ ಬರಲಿಲ್ಲ.

“ಬೇಡ ಕಣೋ, ನಿನ್ನ ಕಾಲು ಹಿಡ್ಕೋತೀನಿ, ಸೈನ್ ಹಾಕಿ ಬದುಕ್ಕೋ” ಎಂದು ಹಮಾಲಿ ಮಗನ ಅಂಗಿ ಜಗ್ಗಿದ.

ಧಣಿ ಬಟ್ಟೆಯನ್ನು ಕಿತ್ತು ಹಮಾಲಿಯ ಎದೆಗೆ ಎಸೆದ. “ನೀನೇ ಒರ್ಸು. ಒರ್ಸಿದ್ರೆ ಕರಾರು. ಇಲ್ಲಾಂದ್ರೆ ನಾಳೆಯಿಂದ ಇವನೂ ಮೂಟೆಗೆ.”

ಹಮಾಲಿ ಬಟ್ಟೆ ಹಿಡಿದು ಗೋಡೆಯ ಮುಂದೆ ಹೋದ. ಮೇಲಿನ ಗೆರೆ ನೋಡಲು ಕತ್ತು ಪೂರಾ ಹಿಂದಕ್ಕೆ ಮಲಗಿಸಬೇಕಾಯಿತು. ಅಷ್ಟು ಮೇಲೆ ತನ್ನ ತಲೆ ಇತ್ತೇ? ಮಗನ ಕೈ ನೋಡಿದ, ಆ ಕೈಯ ಕೆಳಗಿದ್ದದ್ದು ತನ್ನದೇ ಬೆನ್ನು. ಮಗನನ್ನು ಮೂಟೆಗೆ ಹಾಕಲು ಅವನಿಗೆ ಮನಸ್ಸಿರಲಿಲ್ಲ, ಈ ಗೇಣನ್ನು ಒರೆಸಲೂ ಕೈ ಬರಲಿಲ್ಲ.

ಅವನು ತಿರುಗಿ ಬಟ್ಟೆ ಹಿಂಡಿದ. ನೀರು ಧಣಿಯ ಬೂಟಿನ ಮುಂದೆಯೇ ಬಿತ್ತು.

“ಒರೆಸ್ತೀನಿ ಧಣಿ” ಎಂದ. “ನೀವೊಂದ್ಸಲ ಗೋಡೆಗೆ ನಿಲ್ಲಿ. ನಿಮ್ಮ ಗೆರೆನೂ ಎಳೀಲಿ ನನ್ನ ಮಗ. ಆಮೇಲೆ ಮೂರೂ ಒಟ್ಟಿಗೆ ಒರೆಸ್ತೀನಿ.”